ಆರಾಧನೆಗೆ ಡ್ರಮ್ಸ್ ಸಲ್ಲುತ್ತದೆಯೇ? ಕ್ವಾಯರ್ ನಡೆಸುವ ಬ್ರದರ್‌ಗೆ ಉತ್ತರ

ಬ್ರದರ್, ನಿಮ್ಮ ಕಷ್ಟ ಅರ್ಥವಾಯಿತು. ಯುವಕರಿಗೆ ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಬೇಕು. ಹಿರಿಯರಿಗೆ ಆರ್ಗನ್ ಮತ್ತು ಹಳೆಯ ಹಾಡುಗಳೇ ಸಾಕು, ಉಳಿದದ್ದೆಲ್ಲ ಲೋಕದ ಸಂಗೀತ. ಬೈಬಲ್ ಯಾರ ಕಡೆ ಇದೆ ಅಂತ ಕೇಳಿದ್ದೀರಿ.

150ನೇ ಕೀರ್ತನೆ ತೆಗೆದು ನೋಡಿ. ತುತೂರಿ, ಸ್ವರಮಂಡಲ, ಕಿನ್ನರಿ, ದಮ್ಮಡಿ, ಕೊಳಲು, ತಾಳ, ಜೊತೆಗೆ ಕುಣಿತವೂ ಇದೆ. ಆದರೆ ಹೊಸ ಒಡಂಬಡಿಕೆಗೆ ಬಂದರೆ ಪೌಲನು ಎಫೆಸ 5:19 ಮತ್ತು ಕೊಲೊಸ್ಸೆ 3:16ರಲ್ಲಿ ಹಾಡಿರಿ ಅನ್ನುತ್ತಾನೆ, ಯಾವ ವಾದ್ಯದ ಹೆಸರನ್ನೂ ಎತ್ತುವುದಿಲ್ಲ. ಜಗಳ ಹುಟ್ಟುವುದು ಇಲ್ಲೇ. ಹೇಳದೇ ಇರುವುದನ್ನು ಆರಾಧನೆಗೆ ತರಬಾರದು ಅಂತ ಕೆಲವು ಸಭೆಗಳು ನಂಬುತ್ತವೆ. ಬೇಡ ಅನ್ನದೇ ಇರುವುದನ್ನು ಒಳ್ಳೆಯದಕ್ಕೆ ಬಳಸಬಹುದು ಅಂತ ಇನ್ನು ಕೆಲವು. ಎರಡೂ ಕಡೆ ದೇವರಿಗೆ ಹೆದರಿ ನಡೆಯುವವರೇ ಇದ್ದಾರೆ. ಯುವಕರಿಗೆ ಇದನ್ನು ಮೊದಲು ಹೇಳಿ.

ಹಿರಿಯರಿಗೆ ಹೇಳಬೇಕಾದದ್ದು ಬೇರೆ. ಆರ್ಗನ್ ಕೂಡ ಮೊದಲಿನಿಂದ ಸಭೆಯ ವಾದ್ಯವಾಗಿರಲಿಲ್ಲ. ರೋಮನ್ನರ ಕಾಲದಲ್ಲಿ ಅದನ್ನು ಕಾಳಗದ ಅಖಾಡಗಳಲ್ಲಿ ನುಡಿಸುತ್ತಿದ್ದರು. ಆರಂಭದ ಕ್ರೈಸ್ತರು ಬರೀ ಕಂಠದಿಂದ ಹಾಡಿದರು. ವಾದ್ಯ ಅಂದರೆ ಅವರಿಗೆ ವಿಗ್ರಹಾರಾಧನೆಯ ಹಬ್ಬ, ನಾಟಕಶಾಲೆ ನೆನಪಾಗುತ್ತಿತ್ತು. ಆರ್ಥೊಡಾಕ್ಸ್ ಸಭೆಗಳಲ್ಲಿ ಹೆಚ್ಚಿನವು ಇಂದಿಗೂ ವಾದ್ಯವಿಲ್ಲದೆ ಹಾಡುತ್ತವೆ. ಇಥಿಯೋಪಿಯಾದ ಹಳೆಯ ಸಭೆಯಲ್ಲಿ ನೋಡಿದರೆ ದೊಡ್ಡ ಡೋಲುಗಳೇ ಆರಾಧನೆಯ ಭಾಗ. 1520ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸಭೆಯ ಸುಧಾರಣೆ ನಡೆಸಿದ ಜ್ವಿಂಗ್ಲಿ ಸ್ವತಃ ಒಳ್ಳೆಯ ಸಂಗೀತಗಾರ. ಆದರೂ ಆರಾಧನೆಯಿಂದ ಸಂಗೀತವನ್ನೇ ತೆಗೆದುಹಾಕಿದರು. ಅದೇ ಕಾಲದಲ್ಲಿ ಜರ್ಮನಿಯ ಸುಧಾರಕ ಲೂಥರ್ ಜನರ ಬಾಯಿಗೆ ಹಾಡು ಕೊಟ್ಟರು. ಕ್ಯಾಥೊಲಿಕ್ ಸಭೆಯಲ್ಲಿ 1903ರಲ್ಲಿ ಹತ್ತನೇ ಪಯಸ್ ಪೋಪ್ ಡ್ರಮ್ ಮಾತ್ರವಲ್ಲ, ಪಿಯಾನೋ ಕೂಡ ಬೇಡ ಅಂದರು. 1963ರಲ್ಲಿ ಎರಡನೇ ವ್ಯಾಟಿಕನ್ ಸಭೆ (ಬಿಷಪ್‌ಗಳ ಮಹಾಸಭೆ) ಪೈಪ್ ಆರ್ಗನ್‌ಗೆ ಗೌರವದ ಸ್ಥಾನ ಉಳಿಸಿ, ಅಧಿಕಾರಿಗಳ ಒಪ್ಪಿಗೆ ಇದ್ದರೆ ಬೇರೆ ವಾದ್ಯಗಳೂ ಬರಬಹುದು ಅಂತ ಬಾಗಿಲು ತೆರೆಯಿತು.

ಹಾಗಂತ ಹಿರಿಯರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ಅದು ಬಹಳ ಹಳೆಯ ಭಯ. ಹಾಡಿನ ಮಾತಿಗಿಂತ ಇಂಪೇ ತನ್ನನ್ನು ಜಾಸ್ತಿ ಸೆಳೆಯಿತಲ್ಲ ಅಂತ ಹಳೆಯ ಕಾಲದ ಬಿಷಪ್ ಅಗಸ್ಟೀನ್ ಕೊರಗಿದ್ದಾರೆ. ಆಮೋಸ 5:23ರಲ್ಲಿ ದೇವರು, ನಿಮ್ಮ ಹಾಡಿನ ಗದ್ದಲವನ್ನು ನನ್ನಿಂದ ದೂರ ಮಾಡಿ ಅನ್ನುತ್ತಾನೆ. ಅಲ್ಲಿ ತಪ್ಪು ವಾದ್ಯದ್ದಲ್ಲ. ಹಾಡುವವರ ಬದುಕಿನಲ್ಲಿ ನ್ಯಾಯ ಇರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನೋಡಬೇಕಾದದ್ದು 1 ಕೊರಿಂಥ 14ನ್ನು. ಎಲ್ಲವೂ ಸಭೆಯ ಭಕ್ತಿವೃದ್ಧಿಗಾಗಿ ನಡೆಯಲಿ, ಬುದ್ಧಿಯಿಂದಲೂ ಹಾಡಬೇಕು ಅಂತ ಅಲ್ಲಿದೆ. ಅಂದರೆ ಸಭೆ ಹಾಡುತ್ತಿದೆಯಾ, ಏನು ಹಾಡುತ್ತಿದ್ದೇವೆ ಅಂತ ಅದಕ್ಕೆ ತಿಳಿಯುತ್ತಿದೆಯಾ? ಇದನ್ನು ಪರೀಕ್ಷಿಸುವುದು ಸುಲಭ. ಹಾಡಿನ ಕೊನೆಯ ಚರಣಕ್ಕೆ ಎಲ್ಲ ವಾದ್ಯ ನಿಲ್ಲಿಸಿ. ಸಭೆಯ ದನಿ ತುಂಬಿ ಬಂದರೆ ಸರಿ. ಮೈಕ್ ಹಿಡಿದವರ ದನಿ ಮಾತ್ರ ಕೇಳಿದರೆ ಅದು ಸಂಗೀತ ಕಛೇರಿ, ಆರಾಧನೆ ಅಲ್ಲ. ಆರ್ಗನ್ ನುಡಿಸಿದರೂ ಹೀಗಾಗಬಹುದು, ಅಲ್ವಾ?

ಹೆಚ್ಚಿನ ಸಲ ಅಡ್ಡಿಯಾಗುವುದು ಸ್ಕೇಲ್, ಅಂದರೆ ಶ್ರುತಿ. ರೆಕಾರ್ಡಿಂಗ್‌ನಲ್ಲಿ ಗಾಯಕರು ತಮ್ಮ ಗಂಟಲಿಗೆ ಹೊಂದುವ ಎತ್ತರದಲ್ಲಿ ಹಾಡಿರುತ್ತಾರೆ. ಅದನ್ನೇ ಹಿಡಿದರೆ ಗಂಡಸರು ಎರಡನೇ ಸಾಲಿಗೇ ಬಾಯಿ ಮುಚ್ಚುತ್ತಾರೆ. ಅತಿ ಮೇಲಿನ ಸ್ವರ ಡಿ (D) ದಾಟದ ಹಾಗೆ ಇಳಿಸಿಕೊಳ್ಳಿ. ಡ್ರಮ್ಸ್ ತರುವುದಾದರೆ ಚಿಕ್ಕ ಜಾಗದಲ್ಲಿ ಪೂರ್ತಿ ಕಿಟ್ ಬೇಡ. ಕಹೋನ್ (ಕೈಯಿಂದ ಬಾರಿಸುವ ಮರದ ಪೆಟ್ಟಿಗೆ) ಸಾಕು, ಇಲ್ಲವೇ ಕೋಲುಗಳ ಬದಲು ಬ್ರಷ್‌ಗಳಿಂದ ನುಡಿಸಲಿ.

ಧಾಟಿಯ ವಿಷಯದಲ್ಲಿ ಲೂಥರ್ ನಡೆದದ್ದು ನನಗೆ ಇಷ್ಟ. ಕ್ರಿಸ್ಮಸ್‌ಗೆ ಬರೆದ ಒಂದು ಹಾಡನ್ನು ಅವರು ಮೊದಲು ಜನಪ್ರಿಯ ಲೌಕಿಕ ಧಾಟಿಗೆ ಕೂರಿಸಿದ್ದರು. 1539ರಲ್ಲಿ ಅದು ಹೊಸ ಧಾಟಿಯೊಂದಿಗೆ ಅಚ್ಚಾಯಿತು. ಸಿನಿಮಾ ಧಾಟಿಗೆ ಸ್ತುತಿಯ ಮಾತು ಹಾಕುವ ಮುಂಚೆ ಕೇಳಿಕೊಳ್ಳಿ, ಇದು ಕಿವಿಗೆ ಬಿದ್ದ ಕೂಡಲೇ ಜನರಿಗೆ ಏನು ನೆನಪಾಗುತ್ತದೆ? ಶಿಲುಬೆಗಿಂತ ಮೊದಲು ಸಿನಿಮಾದ ದೃಶ್ಯ ಕಣ್ಣಿಗೆ ಬಂದರೆ ಬಿಟ್ಟುಬಿಡಿ.

ಮಾತುಗಳನ್ನು ಪಾಸ್ಟರ್ ಜೊತೆ ಕೂತು ಓದಿ, ರಾಗವಿಲ್ಲದೆ. ಹಾಡುಗಳೆಲ್ಲ ನನಗೆ ಹೀಗನಿಸುತ್ತದೆ, ಹಾಗನಿಸುತ್ತದೆ ಅನ್ನುವುದರಲ್ಲೇ ಮುಗಿದರೆ ಪಾಪದ ಅರಿಕೆ, ಶಿಲುಬೆ, ಪುನರುತ್ಥಾನಕ್ಕೆ ಜಾಗ ಎಲ್ಲಿ? ಕೀರ್ತನೆಗಳಲ್ಲಿ ಅಳುವ ಹಾಡುಗಳು ಎಷ್ಟೊಂದಿವೆ. ನೊಂದು ಬಂದವರಿಗೂ ಒಂದು ಹಾಡು ಇರಲಿ.

ಮುಂದಿನ ಪ್ರಾಕ್ಟೀಸ್‌ಗೆ ಹಿರಿಯರಲ್ಲಿ ಒಬ್ಬರನ್ನು ಕರೆಯಿರಿ. ಅವರಿಗೆ ಪ್ರಿಯವಾದ ಹಳೆಯ ಹಾಡೊಂದನ್ನು ಅವರಿಂದಲೇ ಯುವಕರಿಗೆ ಕಲಿಸಿ. ಗಿಟಾರ್ ಮೆಲ್ಲಗೆ ಜೊತೆಗಿರಲಿ. ಹೊಸ ಹಾಡು ಆಮೇಲೆ ತನ್ನಿ, ಒಂದು ಸಲಕ್ಕೆ ಒಂದೇ, ಅದನ್ನೂ ಕೆಲವು ವಾರ ಬಿಡದೆ ಹಾಡಿಸಿ.