ಮೊಬೈಲ್‌ನಲ್ಲಿ ಚೆಂದ, ಗೋಡೆ ಮೇಲೆ ಮಸಿ

ಪ್ರಶ್ನೆ: ಕಾಡಿನ ಹೊಳೆಯ ಕಲರ್ ಫೋಟೊವನ್ನು ಕಪ್ಪು-ಬಿಳುಪು ಮಾಡಿ, ಹಾಲ್‌ಗೆಂದು ದೊಡ್ಡ ಪ್ರಿಂಟ್ ಹಾಕಿಸಿದೆ. ಮೊಬೈಲ್‌ನಲ್ಲಿ ಅದ್ಭುತವಾಗಿತ್ತು. ಪ್ರಿಂಟ್‌ನಲ್ಲಿ ಎಲೆ, ಬಂಡೆ ಎಲ್ಲ ಒಂದೇ ಮುದ್ದೆ. ಇನ್ನೂ ದುಬಾರಿ ಕಾಗದ ಹಾಕಿಸಲೇ?

ಉತ್ತರ: ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಬೈಗುಳ ತಿನ್ನುವುದು ಪಾಪದ ಕಾಗದ. ನೀವು ಬಣ್ಣ ತೆಗೆದಿರಿ, ಅಷ್ಟೇ. ಹಸಿರು ಎಲೆಗೂ ಕಂದು ಬಂಡೆಗೂ ಹೊಳಪು ಒಂದೇ ಇದ್ದರೆ, ಬಣ್ಣ ಹೋದ ಮೇಲೆ ಎರಡೂ ಒಂದೇ ಬೂದು. ಒಂದೇ ಒತ್ತಿಗೆ ಕೆಲಸ ಮುಗಿಸುವ ಫಿಲ್ಟರ್‌ಗೆ ಇದೆಲ್ಲಿ ಗೊತ್ತು? ಒಂದೊಂದು ಬಣ್ಣಕ್ಕೂ ಬೇರೆ ಸ್ಲೈಡರ್ ಇರುವ ಆ್ಯಪ್‌ನಲ್ಲಿ ಹಸಿರಿನ ಜೊತೆ ಹಳದಿಯನ್ನೂ ಏರಿಸಿ. ಎಲೆಯಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಹಳದಿ ಇರುತ್ತದೆ. ಆಕಾಶವಿದ್ದರೆ ನೀಲಿ ಇಳಿಸಿ, ಮೋಡ ಎದ್ದು ಕಾಣುತ್ತದೆ. ಫಿಲ್ಮ್ ಕಾಲದವರು ಲೆನ್ಸ್‌ಗೆ ಕೆಂಪು ಫಿಲ್ಟರ್ ಹಾಕುತ್ತಿದ್ದುದೂ ಇದಕ್ಕೇ. ಅತಿಯಾದರೆ ಆಕಾಶದ ತುಂಬ ಕಾಳುಕಾಳು.

ಇನ್ನು ಬೆಳಕು. ಪರದೆ ತಾನೇ ಬೆಳಗುತ್ತದೆ. ಕಾಗದಕ್ಕೆ ಕೋಣೆಯ ಬೆಳಕೇ ಗತಿ. ಬ್ರೈಟ್‌ನೆಸ್ ಪೂರ್ತಿ ಏರಿಸಿ ಎಡಿಟ್ ಮಾಡಿದರೆ ಪ್ರಿಂಟ್ ಕಪ್ಪಾಗದೆ ಇನ್ನೇನು? ಮಾನಿಟರ್‌ನ ಹೊಳಪನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದೊಳಗೆ (ಕ್ಯಾಂಡೆಲಾ ಎಂದರೆ ಬೆಳಕಿನ ಅಳತೆ) ಅಳೆದು ಹೊಂದಿಸಿ. ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್, ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ಜೋನ್ ಸಿಸ್ಟಮ್ ಎಂಬ ಕಪ್ಪು-ಬಿಳುಪಿನ ಅಳತೆಪಟ್ಟಿಯಲ್ಲಿ ಅಚ್ಚ ಕಪ್ಪು ಸೊನ್ನೆ, ಅಚ್ಚ ಬಿಳಿ 10. ಬಂಡೆಯ ತರಿತರಿ ಮೈ ನೆರಳಲ್ಲೂ ಕಾಣಬೇಕಾದರೆ ಆ ನೆರಳು 3ರ ಹತ್ತಿರ ಇರಬೇಕು. ನಿಮ್ಮದು 1ಕ್ಕೆ ಜಾರಿದೆ. ನೀವು ಆಸೆಪಡುವ ದುಬಾರಿ ಹತ್ತಿ ಕಾಗದ ಮ್ಯಾಟ್ ಆಗಿದ್ದರಂತೂ ಹೊಳಪು ಕಾಗದದಷ್ಟು ಗಾಢ ಕಪ್ಪು ಅದರಲ್ಲಿ ಬರುವುದೇ ಇಲ್ಲ. ನೆರಳು ಇನ್ನೂ ಕಲಸಿಹೋಗುತ್ತದೆ.

ಮೊದಲು ನೆರಳಿರುವ ಮೂಲೆಯನ್ನಷ್ಟೇ ಅಂಗೈಯಗಲ ಪ್ರಿಂಟ್ ಹಾಕಿಸಿ, ಅದೇ ಗೋಡೆಯ ಮೇಲೆ ಹಗಲಲ್ಲೂ ರಾತ್ರಿ ದೀಪದಲ್ಲೂ ನೋಡಿ. ಬಲ್ಬಿನಡಿ ಹಸಿರು ಅಥವಾ ಗುಲಾಬಿ ಛಾಯೆ ಕಂಡರೆ ಅವರು ಬಣ್ಣದ ಇಂಕ್ ಕಲಸಿ ಬೂದು ಮಾಡಿರಬಹುದು. ಬೂದು ಇಂಕ್‌ಗಳೇ ಇರುವ ಪ್ರಿಂಟರ್ ಕೇಳಿ.

ಪ್ರಶ್ನೆ: ಫೋಕಸ್ ತಪ್ಪಿದ ಕಲರ್ ಫೋಟೊವನ್ನು ಕಪ್ಪು-ಬಿಳುಪು ಮಾಡಿದರೆ ಕಲಾಕೃತಿಯಾಗುತ್ತದಂತೆ?

ಉತ್ತರ: ಫೋಕಸ್ ತಪ್ಪಿದ ಕಪ್ಪು-ಬಿಳುಪು ಫೋಟೊ ಆಗುತ್ತದೆ.

ಪ್ರಶ್ನೆ: ನೂರು ವರ್ಷ ಮಾಸುವುದಿಲ್ಲ ಎಂದು ಬರೆದುಕೊಡುತ್ತಾರೆ. ನಂಬಲೇ?

ಉತ್ತರ: ಇಂಕ್ ತಡವಾಗಿ ಮಾಸುವ ಪಿಗ್ಮೆಂಟೋ ಬೇಗ ಮಾಸುವ ಡೈಯೋ, ಮೌಂಟ್ ಬೋರ್ಡ್ (ಫ್ರೇಮಿನೊಳಗೆ ಪ್ರಿಂಟ್‌ಗೂ ಗಾಜಿಗೂ ನಡುವೆ ಅಂತರ ಬಿಡುವ ರಟ್ಟು) ಆ್ಯಸಿಡ್ ಇಲ್ಲದ್ದೋ ಕೇಳಿ, ತಡವರಿಸಿದರೆ ಎದ್ದು ಬನ್ನಿ.

ಪ್ರಶ್ನೆ: ಮೌಂಟ್ ಬಿಟ್ಟು ಗಾಜಿಗೇ ತಾಗಿಸಿ ಫ್ರೇಮ್ ಹಾಕಬಹುದೇ?

ಉತ್ತರ: ಬೇಡ. ತೇವಕ್ಕೆ ಅಂಟಿಕೊಂಡರೆ ಬಿಡಿಸುವಾಗ ಇಂಕ್ ಸಮೇತ ಕಿತ್ತು ಬರುತ್ತದೆ.