ಘಾಟಿಯಲ್ಲಿ ನಿಲ್ಲುವ ಕಾರು ಗ್ಯಾರೇಜಿನಲ್ಲಿ ಏಕೆ ಸರಿಯಾಗಿರುತ್ತದೆ?

ಪ್ರಶ್ನೆ: ನನ್ನದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. 92,000 ಕಿ.ಮೀ. ಓಡಿದೆ. ಮಂಗಳೂರಿನಿಂದ ಊರಿಗೆ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಎಂಜಿನ್ ಏಕಾಏಕಿ ನಿಂತುಹೋಗುತ್ತದೆ. ಸೆಲ್ಫ್ ಹೊಡೆದರೆ ಚುರುಕಾಗಿಯೇ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಟೆಂಪರೇಚರ್ ಮುಳ್ಳು ಎಂದೂ ಮೇಲೇರಿಲ್ಲ. ಗ್ಯಾರೇಜಿನಲ್ಲಿ ಬ್ಯಾಟರಿ, ಪ್ಲಗ್ ಬದಲಾಯಿಸಿದರು. ಈಗ ಫ್ಯೂಯೆಲ್ ಪಂಪ್ ಹಾಕಿಸಬೇಕು ಎನ್ನುತ್ತಿದ್ದಾರೆ. ಹಾಕಿಸಲೇ?
– ಓದುಗರು, ಸಕಲೇಶಪುರ

ಉತ್ತರ: ಸದ್ಯಕ್ಕೆ ಬೇಡ. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಸೆಲ್ಫ್ ಚುರುಕಾಗಿ ತಿರುಗುತ್ತಿದೆ ಎಂದ ಮೇಲೆ ಬ್ಯಾಟರಿಯ ಗೊಡವೆಗೇ ಹೋಗಬೇಕಾಗಿರಲಿಲ್ಲ. ಇದು ಬಿಸಿಯಾದಾಗ ಕೈಕೊಟ್ಟು, ತಣಿದಾಗ ಸರಿಹೋಗುವ ದೋಷ. ಗ್ಯಾರೇಜು ಸೇರುವಷ್ಟರಲ್ಲಿ ಕಾರು ತಣಿದಿರುತ್ತದೆ, ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಆಮೇಲೆ ಅಂದಾಜಿನ ಮೇಲೆ ಒಂದೊಂದೇ ಬಿಡಿಭಾಗ ಬದಲಾಗುತ್ತ ಹೋಗುತ್ತದೆ, ಖರ್ಚು ನಿಮ್ಮ ತಲೆಗೆ. ಇಂಥ ಬಿಲ್ಲುಗಳನ್ನು ಹಿಡಿದು ಬಂದವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪರೀಕ್ಷೆ ನಡೆಯಬೇಕಾದದ್ದು ಕಾರು ಸ್ಟಾರ್ಟ್ ಆಗದೆ ನಿಂತಿರುವ ಆ ಅರ್ಧ ಗಂಟೆಯಲ್ಲಿ. ಆಗ ಅದರ ಪಕ್ಕದಲ್ಲಿರುವವರು ನೀವೇ.

ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಜೊತೆ ಹಲ್ಲುಗಳಿರುವ ಒಂದು ಚಕ್ರ ತಿರುಗುತ್ತದೆ. ಕೂದಲೆಳೆಯ ಅಂತರದಲ್ಲಿ ಕುಳಿತ ಈ ಸೆನ್ಸರ್ ಆ ಹಲ್ಲುಗಳನ್ನು ಎಣಿಸಿ ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ತಿಳಿಸುತ್ತದೆ. ಪ್ಲಗ್‌ಗೆ ಯಾವಾಗ ಕಿಡಿ ಕೊಡಬೇಕು, ಪೆಟ್ರೋಲ್ ಯಾವಾಗ ಚಿಮ್ಮಿಸಬೇಕು ಎಂಬುದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ಹಳತಾದ ಸೆನ್ಸರ್ ಒಳಗಿನ ತಂತಿ ಬಿಸಿಗೆ ಹಿಗ್ಗಿ ಎಲ್ಲೋ ಒಂದು ಕಡೆ ಸಂಪರ್ಕ ಕಳೆದುಕೊಳ್ಳುತ್ತದೆ, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಲೆಕ್ಕ ಬರುವುದು ನಿಂತರೆ, ಎಂಜಿನ್ ತಿರುಗುತ್ತಲೇ ಇಲ್ಲ ಎಂದು ಇಸಿಯು ತಿಳಿದು ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸುತ್ತದೆ. ಬಹುತೇಕ ಕಾರುಗಳಲ್ಲಿ ಫ್ಯೂಯೆಲ್ ಪಂಪಿಗೆ ಕರೆಂಟು ಕೊಡುವ ಸ್ವಿಚ್ಚಾದ ರಿಲೇಯನ್ನೂ ಕಡಿದುಬಿಡುತ್ತದೆ. ಸೆಲ್ಫ್ ಹೊಡೆಯುವಾಗ ಪಂಪ್ ಓಡದಿದ್ದುದನ್ನು ನೋಡಿ ಪಂಪೇ ಹೋಗಿದೆ ಎಂದು ತೀರ್ಮಾನಿಸುವುದು ಹೀಗೆಯೇ. ನಿಮ್ಮ ವಿಷಯದಲ್ಲೂ ಅದೇ ಆಗಿರಬಹುದು.

ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಪಂಪ್ ಸೋತರೆ ಎಂಜಿನ್ ಸಾಮಾನ್ಯವಾಗಿ ಒಮ್ಮೆಲೇ ನಿಲ್ಲುವುದಿಲ್ಲ. ಪಿಕಪ್ ಕಳೆದುಕೊಂಡು, ಜರ್ಕ್ ಹೊಡೆದು, ಏದುಸಿರು ಬಿಟ್ಟು ನಿಲ್ಲುತ್ತದೆ. ಸೆನ್ಸರ್ ಕೈಕೊಟ್ಟರೆ ಯಾರೋ ಕೀ ತಿರುಗಿಸಿ ಆಫ್ ಮಾಡಿದಂತೆ. ಮುಂದಿನ ಸಲ ನಿಂತಾಗ ಹಿಂದಿನ ಸೀಟಿನ ಹತ್ತಿರ ಒಬ್ಬರು ಕಿವಿಗೊಡಲಿ, ನೀವು ಕೀ ಆನ್ ಮಾಡಿ. ಎರಡು ಮೂರು ಸೆಕೆಂಡು ಗುಂಯ್ ಎಂಬ ಸದ್ದು ಬಂದರೆ ಪಂಪಿಗೆ ಜೀವವಿದೆ. ಆಮೇಲೆ ಸೆಲ್ಫ್ ಹೊಡೆಯುತ್ತ ಆರ್‌ಪಿಎಂ ಮುಳ್ಳನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಸ್ವಲ್ಪವೂ ಅಲುಗದಿದ್ದರೆ ಸೆನ್ಸರ್ ಕಡೆ ಬೆರಳು. ಒಳ್ಳೆಯ ಸ್ಥಿತಿಯಲ್ಲಿಯೂ ಸೆಲ್ಫ್ ಹೊಡೆಯುವಾಗ ಮುಳ್ಳು ಅಲುಗದ ಕಾರುಗಳುಂಟು, ಆದ್ದರಿಂದ ಮನೆಯಲ್ಲಿ ತಣ್ಣಗಿರುವಾಗಲೇ ಒಮ್ಮೆ ನೋಡಿಟ್ಟುಕೊಳ್ಳಿ.

ಇಸಿಯು ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿದಾಗ, ಕ್ರ್ಯಾಂಕ್ ಸೆನ್ಸರಿನ ದೋಷ ಸೂಚಿಸುವ ಪಿ0335 ಎಂಬ ಕೋಡ್ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಕೋಡ್ ಬರಲಿಲ್ಲ ಎಂದ ಮಾತ್ರಕ್ಕೆ ಸೆನ್ಸರ್ ಸರಿಯಿದೆ ಎಂದಲ್ಲ. ಗ್ಯಾರೇಜಿನಲ್ಲಿ ಎಂಜಿನ್ ಆಫ್ ಮಾಡಿ, ಹೇರ್ ಡ್ರೈಯರ್‌ನಿಂದ ಸೆನ್ಸರಿಗೆ ಬಿಸಿ ಗಾಳಿ ಕೊಟ್ಟು ಮತ್ತೆ ಸ್ಟಾರ್ಟ್ ಮಾಡಿ ನೋಡಲು ಹೇಳಿ. ಅಲ್ಲೇ ಕೈಕೊಟ್ಟರೆ ವಾದಕ್ಕೆ ಜಾಗವೇ ಇಲ್ಲ.

ಹೊಸ ಸೆನ್ಸರ್ ಹಾಕುವ ಮುನ್ನ ಅದರ ವೈರನ್ನೂ ಕನೆಕ್ಟರನ್ನೂ ನೋಡಿಸಿ. ಒಮ್ಮೆ ನನ್ನ ಬಳಿಗೆ ಎರಡು ಸೆನ್ಸರ್ ಬದಲಾಯಿಸಿಕೊಂಡಿದ್ದ ಕಾರು ಬಂತು. ಬೆರಳಿನಿಂದ ವೈರಿನ ಉದ್ದಕ್ಕೂ ಸವರುತ್ತ ಹೋದಾಗ, ಒಂದು ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಹೊದಿಕೆ ಸವೆದು ಒಳಗಿನ ತಾಮ್ರ ಹಸಿರುಗಟ್ಟಿತ್ತು. ಸೆನ್ಸರಿನಲ್ಲಿ ದೋಷವೇ ಇರಲಿಲ್ಲ.

ಕೀ ಆನ್ ಮಾಡಿದಾಗ ಪಂಪಿನ ಸದ್ದೇ ಬಾರದಿದ್ದರೆ ಮೊದಲು ನೋಡಿಸಬೇಕಾದದ್ದು ಅದರ ಫ್ಯೂಸ್, ರಿಲೇ. ಆಮೇಲೆ ಗೇಜ್ ಹಾಕಿ ಪೆಟ್ರೋಲಿನ ಒತ್ತಡ. ಹಲವು ಕಾರುಗಳಲ್ಲಿ ಅದು 3 ಬಾರ್ ಆಸುಪಾಸು ಇರುತ್ತದೆ, ನಿಮ್ಮ ಕಾರಿನ ಅಂಕಿ ಮೆಕ್ಯಾನಿಕ್ಕುಗಳು ಬಳಸುವ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ. ಟ್ಯಾಂಕಿನೊಳಗಿರುವ ಪಂಪಿಗೆ ಪೆಟ್ರೋಲೇ ತಂಪು. ಸದಾ ರಿಸರ್ವ್‌ನಲ್ಲಿ ಓಡಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಇನ್ನೊಂದು ಮಾತು. ಘಾಟಿಯಲ್ಲಿ ಎಂಜಿನ್ ನಿಂತ ಕೂಡಲೇ ಸ್ಟಿಯರಿಂಗ್ ಭಾರವಾಗುತ್ತದೆ, ಬ್ರೇಕಿನ ನೆರವು ಎರಡು ಮೂರು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಪೆಡಲನ್ನು ಮತ್ತೆ ಮತ್ತೆ ತುಳಿಯದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಎಡಕ್ಕೆ ನಿಲ್ಲಿಸಿ. ಗಾಡಿ ನಿಲ್ಲುವವರೆಗೆ ಕೀ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆದೀತು. ಹ್ಯಾಂಡ್ ಬ್ರೇಕ್ ಹಾಕಿ, ಹಜಾರ್ಡ್ ದೀಪ ಉರಿಸಿ, ಚಕ್ರಕ್ಕೆ ಕಲ್ಲು ಕೊಡಿ. ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ.

ರಿಪೇರಿ ಮುಗಿದ ಮೇಲೆ ಮೆಕ್ಯಾನಿಕ್ಕನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಬಿಸಿ ಎಂಜಿನ್ನಿನಲ್ಲಿ ಗುಂಡ್ಯದಿಂದ ಮೇಲಕ್ಕೆ ಒಮ್ಮೆ ಹತ್ತಿಸಿ. ಅದಕ್ಕೆ ಮೊದಲು ಸರಿಯಾಯಿತು ಎಂಬ ಮಾತನ್ನು ಒಪ್ಪಬೇಡಿ.