ತಲೆಗೆ 23 ಕೆಜಿ, ಅದರಲ್ಲೇ ಒಂದು ಸಂಸಾರ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಗಂಡನಿಗೆ ಮ್ಯೂನಿಕ್‌ನಲ್ಲಿ ಕೆಲಸ, ಜೊತೆಗೆ ಮೂರು ವರ್ಷದ ಮಗ, ಮೂರು ಟಿಕೆಟ್‌ಗೆ ತಲಾ 23 ಕೆಜಿಯ ಒಂದೊಂದು ಸೂಟ್‌ಕೇಸ್, ಅಮ್ಮ ಒಂದು ಕಡೆ ತುಪ್ಪ ಕಾಯಿಸುತ್ತಿದ್ದಾರೆ, ಅತ್ತೆ ಇನ್ನೊಂದು ಕಡೆ ಉಪ್ಪಿನಕಾಯಿ ಹಾಕಿದ್ದಾರೆ, ಏನು ತಗೊಂಡು ಹೋಗಲಿ, ಏನು ಬಿಡಲಿ ಅಂತ ಕೇಳಿದ್ದೀರಿ. ಕೆಲವು ವರ್ಷದ ಹಿಂದೆ ನಮ್ಮ ಹಾಲ್ ಕೂಡ ಹೀಗೇ ಇತ್ತು.

ಮಿಕ್ಕಿದ್ದೆಲ್ಲ ಮರೆತರೂ ಇದೊಂದು ಮರೆಯಬೇಡಿ. ಒಬ್ಬೊಬ್ಬರಿಗೆ ಒಂದೊಂದು ಸೂಟ್‌ಕೇಸ್ ಅಂತ ತುಂಬಬೇಡಿ. ಮೂರರಲ್ಲೂ ಮೂವರ ಬಟ್ಟೆ ಸ್ವಲ್ಪ ಸ್ವಲ್ಪ ಇರಲಿ. ನಾನು ಬಲು ಅಚ್ಚುಕಟ್ಟಾಗಿ ನನ್ನದು, ಅವರದು, ಮಗಳದು ಅಂತ ಬೇರೆ ಬೇರೆ ಜೋಡಿಸಿದ್ದೆ. ಮಗಳ ಸೂಟ್‌ಕೇಸ್ ನಡುವೆ ವಿಮಾನ ಬದಲಿಸಿದ ಊರಲ್ಲೇ ಉಳಿದುಹೋಯಿತು. ಜನವರಿ ಚಳಿ, ನಾವು ಇಳಿದದ್ದು ಶನಿವಾರ ರಾತ್ರಿ, ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ ಅನ್ನೋದು ನಮಗೆ ಗೊತ್ತೇ ಇರಲಿಲ್ಲ. ಮಗು ಒಂದು ದಿನವಿಡೀ ಅಪ್ಪನ ಸ್ವೆಟರ್ ಹಾಕಿಕೊಂಡು, ತೋಳು ನಾಲ್ಕು ಸುತ್ತು ಮಡಿಸಿಕೊಂಡು ಓಡಾಡಿತು. ಸೂಟ್‌ಕೇಸ್ ಬಂದದ್ದು ಐದನೇ ದಿನ.

ಹಾಗೇನಾದರೂ ಆದರೆ ಏರ್‌ಪೋರ್ಟ್ ಬಿಟ್ಟು ಹೊರಗೆ ಬರಬೇಡಿ. ಅಲ್ಲೇ ಬ್ಯಾಗೇಜ್ ಕೌಂಟರ್‌ನಲ್ಲಿ ದೂರು ಬರೆಸಿ, ನಂಬರ್ ತಗೊಳ್ಳಿ. ಮಾಂಟ್ರಿಯಲ್ ಒಪ್ಪಂದ ಅಂತ ವಿಮಾನ ಪ್ರಯಾಣಕ್ಕೆ ದೇಶಗಳು ಮಾಡಿಕೊಂಡ ಒಪ್ಪಂದ ಇದೆ, ಅದರ ಪ್ರಕಾರ 21 ದಿನ ಕಳೆದರೂ ಬ್ಯಾಗ್ ಬರದಿದ್ದರೆ ಕಳೆದುಹೋದ ಲೆಕ್ಕ, ಪರಿಹಾರ ಕೇಳಬಹುದು. ಬಂದ ಬ್ಯಾಗ್ ಒಡೆದಿದ್ದರೆ 7 ದಿನದೊಳಗೆ ಬರೆದು ಕೊಡಬೇಕು. ಮನೆಯಲ್ಲಿ ಸೂಟ್‌ಕೇಸ್ ಮುಚ್ಚುವ ಮುಂಚೆ ಒಳಗಿನ ಸಾಮಾನಿನ ಫೋಟೋ ತೆಗೆದಿಟ್ಟುಕೊಳ್ಳಿ. ಒಳಗೆ ಏನಿತ್ತು ಅಂತ ಅವರು ಕೇಳಿದಾಗ ನನಗೆ ಅರ್ಧವೂ ನೆನಪಾಗಲಿಲ್ಲ.

ಈಗ ತೂಕ. ನಿಮ್ಮದರಂತೆ ಒಟ್ಟು ತೂಕ ನೋಡದೆ ಒಂದೊಂದು ಬ್ಯಾಗಿಗೂ ಮಿತಿ ಹಾಕುವ ಟಿಕೆಟ್‌ನಲ್ಲಿ ಒಂದರಲ್ಲಿ 26, ಇನ್ನೊಂದರಲ್ಲಿ 20 ಇದೆ, ಒಟ್ಟು ಸರಿಯಾಯ್ತಲ್ವಾ ಅಂದರೆ ಸಾಮಾನ್ಯವಾಗಿ ನಡೆಯಲ್ಲ. ಹೆಚ್ಚು ದುಡ್ಡು ಕೊಟ್ಟರೂ ಒಂದೇ ಬ್ಯಾಗ್ 32 ಕೆಜಿ ದಾಟುವ ಹಾಗಿಲ್ಲ, ಎತ್ತುವವರ ಸೊಂಟ ಉಳಿಯಬೇಕಲ್ಲ. ಗಟ್ಟಿ ಸೂಟ್‌ಕೇಸ್ ಖಾಲಿ ಇದ್ದಾಗಲೇ ನಾಲ್ಕೈದು ಕೆಜಿ ತಿಂದುಬಿಡುತ್ತದೆ, ಹಾಗಾಗಿ ಹಗುರವಾದದ್ದು ನೋಡಿ ತಗೊಳ್ಳಿ. ಗಾಳಿ ಹೀರಿ ಬಟ್ಟೆ ಚಪ್ಪಟೆ ಮಾಡುವ ಚೀಲ ಜಾಗ ಉಳಿಸುತ್ತದೆ, ತೂಕ ಉಳಿಸಲ್ಲ. ನಾನು ಆ ಚೀಲದ ಖುಷಿಯಲ್ಲಿ ಎಲ್ಲ ಕಂಬಳಿ ತುಂಬಿ ತೂಗಿದೆ, 31 ಬಂತು. ಮನೆಯಲ್ಲೇ 22ಕ್ಕೆ ನಿಲ್ಲಿಸಿ. ಸಾಲದು ಅನ್ನಿಸಿದರೆ ಇನ್ನೊಂದು ಬ್ಯಾಗನ್ನು ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿ, ಕೌಂಟರ್‌ನಲ್ಲಿ ಸಾಮಾನ್ಯವಾಗಿ ಜಾಸ್ತಿ ಕೇಳುತ್ತಾರೆ.

ಅಮ್ಮನ ತುಪ್ಪ ಬಿಟ್ಟುಬಿಡಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಪೇಡನೂ ಬೇಡ. ಹಸುಗೂಸಿನ ಹಾಲಿನ ಪುಡಿಯಂಥದಕ್ಕೆ ಮಾತ್ರ ಸೀಲ್ ಒಡೆಯದಿದ್ದರೆ 2 ಕೆಜಿವರೆಗೆ ವಿನಾಯಿತಿ ಇದೆ. ಅಲ್ಲಿನ ಬೆಣ್ಣೆ ಕಾಯಿಸಿದರೆ ತುಪ್ಪ ಘಮ್ ಅಂತ ಬರುತ್ತದೆ, ಅಮ್ಮನಿಗೆ ಮಾತ್ರ ಹೇಳಬೇಡಿ. ಕರಿಬೇವಿನ ಸೊಪ್ಪು, ಹಸಿ ತರಕಾರಿಗೆ ಸರ್ಕಾರಿ ಸಸ್ಯ ಆರೋಗ್ಯ ಪತ್ರ ಬೇಕು, ಅದರ ಗೋಜೇ ಬೇಡ. ಇನ್ನು ಕೊಬ್ಬರಿ. ನಾನು ತಿಪಟೂರಿನವಳು, ಕೊಬ್ಬರಿ ಇಲ್ಲದೆ ನಮ್ಮಮ್ಮನಿಗೆ ಬೀಳ್ಕೊಡುಗೆಯೇ ಆಗಲ್ಲ. ನನಗೆ ಗೊತ್ತಿಲ್ಲದೆ ಸೀರೆ ಮಧ್ಯೆ ಹತ್ತು ಗಿಟುಕು ಇಟ್ಟಿದ್ದರು. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಕೊಬ್ಬರಿ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು, ಚೆಕ್-ಇನ್ ಬ್ಯಾಗಿನಲ್ಲಿ ನಿಷೇಧ. ಸ್ಕ್ರೀನಿಂಗ್‌ನವರು ಕರೆಸಿ, ಸೂಟ್‌ಕೇಸ್ ಬಿಚ್ಚಿಸಿ, ಒಂದೊಂದೇ ತೆಗೆಸಿದರು. ಹೊರಡುವ ಹಿಂದಿನ ರಾತ್ರಿ ನೀವೇ ಕೈಯಾರೆ ಪೂರ್ತಿ ಒಮ್ಮೆ ಬಿಚ್ಚಿ ನೋಡಿ, ಪ್ರೀತಿ ಮಾಡುವವರು ಎಲ್ಲೆಲ್ಲಿ ಏನೇನು ಸೇರಿಸಿರುತ್ತಾರೋ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಕೂಡ ಕೆಳಗೆ ಹೋಗುವ ಬ್ಯಾಗಿನಲ್ಲಿ ಇರಬಾರದು, ಕೈಚೀಲಕ್ಕೆ ಹಾಕಿ.

ಅಕ್ಕಿ, ಬೇಳೆಗೆ ಒಂದು ಗ್ರಾಮೂ ಕೊಡಬೇಡಿ, ಮ್ಯೂನಿಕ್‌ನಲ್ಲಿ ಇಂಡಿಯನ್ ಅಂಗಡಿಗಳಿವೆ. ಅಮ್ಮನ ಕೈಯ ಸಾರಿನ ಪುಡಿ, ಹುಳಿಪುಡಿ ಮಾತ್ರ ಅಂಗಡಿಯಲ್ಲಿ ಸಿಗಲ್ಲ, ಅದಕ್ಕೆ ಮೂರು ಕೆಜಿ ಎತ್ತಿಡಿ. ಜೊತೆಗೆ ಇಡ್ಲಿ ತಟ್ಟೆ, ಒಗ್ಗರಣೆ ಸೌಟು, ಲಟ್ಟಣಿಗೆ, ಇಕ್ಕಳ. ಮಿಕ್ಸಿ ಧೈರ್ಯವಾಗಿ ಹಾಕಿ. ಅಮೆರಿಕಕ್ಕೆ ಹೋಗುವವರಿಗೆ ಹೇಳುವ ಕರೆಂಟಿನ ಭಯ ಇಲ್ಲಿಲ್ಲ, ಜರ್ಮನಿಯಲ್ಲೂ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಜ್. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಅಲ್ಲಿ ಕೂರಲ್ಲ, ಮಿಕ್ಸಿ ತಡೆಯುವಂಥ ಗಟ್ಟಿ ಅಡಾಪ್ಟರ್ ಬೇಕು. ಕುಕ್ಕರ್ ಇಂಡಕ್ಷನ್ ತಳದ್ದೇ ಇರಲಿ, ಎರಡು ಗ್ಯಾಸ್ಕೆಟ್ ಜಾಸ್ತಿ ಇಟ್ಟುಕೊಳ್ಳಿ. ಅಲ್ಲಿ ಬಾಡಿಗೆ ಮನೆ ಎಷ್ಟೋ ಸಲ ಅಡುಗೆಮನೆಯ ಒಲೆ, ಸಿಂಕ್ ಕೂಡ ಇಲ್ಲದೆ ಸಿಗುತ್ತದೆ, ಚಾವಣಿಯಲ್ಲಿ ಬಲ್ಬಿನ ಬದಲು ಬರೀ ವೈರ್ ನೇತಾಡುತ್ತಿರುತ್ತದೆ, ಗಾಬರಿಯಾಗಬೇಡಿ. ಪಾತ್ರೆ, ತಟ್ಟೆ, ಹಾಸಿಗೆ ಎಲ್ಲ ಅಲ್ಲೇ ಕೊಂಡರಾಯಿತು.

ಮದುವೆ ಸರ್ಟಿಫಿಕೇಟ್, ಮಗುವಿನ ಜನನ ಪತ್ರ, ಡಿಗ್ರಿ ಇವುಗಳ ಮೂಲ ಪ್ರತಿ ಕೈಚೀಲದಲ್ಲೇ ಇರಲಿ, ಅಲ್ಲಿ ವಿಳಾಸ ನೋಂದಣಿಗೆ ಹೋದಾಗ ಕೇಳಬಹುದು. ಔಷಧಿ, ಡಾಕ್ಟರ ಚೀಟಿಯೂ ಅದರಲ್ಲೇ. ಒಡವೆ ತಗೊಂಡು ಹೋಗುವುದಾದರೆ ಹೊರಡುವಾಗ ನಮ್ಮ ಕಸ್ಟಮ್ಸ್‌ನವರಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ, ರಜೆಗೆ ಊರಿಗೆ ಬಂದಾಗ ಇದು ಎಲ್ಲಿ ಕೊಂಡಿದ್ದು ಅನ್ನೋ ಪ್ರಶ್ನೆ ಏಳಲ್ಲ.

ಅತ್ತೆಯ ಉಪ್ಪಿನಕಾಯಿ ಹೋಗಲಿ, ಪಾಪ. ಗಾಜಿನ ಜಾಡಿ ಬೇಡ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಕೊಟ್ಟು ಬಿಗಿ ಮಾಡಿ, ಎರಡು ಕವರ್ ಸುತ್ತಿ, ಕುಕ್ಕರಿನ ಒಳಗಿಟ್ಟು ಮುಚ್ಚಳ ಹಾಕಿಬಿಡಿ. ಸೋರಿದರೂ ಕುಕ್ಕರಿನೊಳಗೇ ಸೋರುತ್ತದೆ, ಸೀರೆಗಲ್ಲ.